ಆಮೆಗಳ ವಲಸೆ

ಮಾವನವರಿಗೆ,

ಎದುರು ನಿಂತು ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತಿನಿಂದ ನಿಮ್ಮ ವಕೀಲಿ ಕಚೇರಿಗೆ ಬರುವುದಿಲ್ಲ. ಬೀಗದ ಕೈಯನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿದ್ದೇನೆ.

ಬಣ್ಣದ ಕಾರ್ಖಾನೆಯ ಪರವಾಗಿ ಕೋರ್ಟಿಗೆ ಕೊಡುವ ಉತ್ತರವನ್ನು ನಾನು ಬರೆಯಲಾರೆ. ಕೆರೆಯ ಆಮೆಗಳಿಗೆ ಕಾನೂನಿನ ರಕ್ಷಣೆ ಇದೆ. ಕಾರ್ಖಾನೆಯ ನೀರಿನಿಂದ ಅವು ಸತ್ತವೆಂದಾದರೆ ಆ ನೀರನ್ನು ಕೆರೆಗೆ ಬಿಡುವ ಕೊಳವೆ ಮುಚ್ಚಬೇಕಾಗುತ್ತದೆ. ಅದಕ್ಕೆ ನೀವು, "ಸತ್ತಿವೆ ಅಂತ ಯಾಕೆ ಬರೀತೀಯಾ? ವಲಸೆ ಹೋಗಿವೆ ಅಂತ ಹಾಕು" ಅಂದಿರಿ.

"ಆಮೆಗಳಾ, ಮಾವ?" ಎಂದೆ.

"ನಿಧಾನವಾಗಿ ಹೋಗಿವೆ ಅಂತ ಬೇಕಾದ್ರೆ ಸೇರಿಸು. ಸಾಹಿತ್ಯ ಓದಿದ್ದು ಮತ್ಯಾತಕ್ಕೆ?"

ಗುಮಾಸ್ತರು ನಕ್ಕರು. ನಾನೂ ನಕ್ಕೆನೇನೋ.

ಸಂಜೆ ಕೆರೆಗೆ ಹೋಗಿದ್ದೆ. ಕೊಳವೆಯ ಬಾಯಲ್ಲಿ ನೀಲಿ ನೊರೆ ತುಂಬಿತ್ತು. ಆಮೆಗಳು ದಡಕ್ಕೆ ಹತ್ತಿ ಬಂದು ಸತ್ತಿದ್ದವು. ಹೆದರಿದರೆ ಕತ್ತು ಒಳಗೆಳೆದುಕೊಳ್ಳುವ ಪ್ರಾಣಿಗಳು, ಕತ್ತನ್ನು ಪೂರ್ತಿ ಹೊರಗೆ ಚಾಚಿ ಬಿದ್ದಿದ್ದವು.

ಕಂಡದ್ದನ್ನು ಕಂಡ ಹಾಗೆ ಬರೆದು ಪರಿಸರ ಇಲಾಖೆಯ ವಕೀಲರಿಗೆ ಕೊಟ್ಟು ಬಂದೆ. ಸೋಮವಾರ ಸಾಕ್ಷಿ ಹೇಳಲು ಕರೆದಿದ್ದಾರೆ. ಪಾಟೀಸವಾಲು ಹಾಕುವವರು ನೀವೇ ಎಂದು ನನಗೆ ಗೊತ್ತು. ನಾನು ತೊದಲುತ್ತೇನೆಂದು ನಿಮಗೆ ಗೊತ್ತು. ಎಷ್ಟು ಬೇಕಾದರೂ ಕೆಣಕಿ, ಗದರಿಸಿ. ಅಲ್ಲಿ ಮಾತ್ರ ನನ್ನನ್ನು ಪುಟ್ಟಿ ಎಂದು ಕರೆಯಬೇಡಿ. ಹಾಗೆ ಕರೆದರೆ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡುತ್ತೇನೆ.

ನಿಮ್ಮ ಅಕ್ಕನ ಮಗಳು