ಕಚ್ಚಿಟ್ಟು ಹೋದ ರೊಟ್ಟಿ

ಸಫೇದೋಬ್, ಪಂಜಕೆಂಟ್ ಹತ್ತಿರ
ಮಾರ್ಚ್ ೪

ಪ್ರೀತಿಯ ಮಗ ನೆಕ್ರೂಜ್‌ಗೆ,

ಹೇಗಿದ್ದೀಯ ಕಂದಾ? ಹೊತ್ತಿಗೆ ಸರಿಯಾಗಿ ಬಿಸಿ ಊಟ ಸಿಗುತ್ತಿದೆಯೇ? ಎದೆ ಮುಚ್ಚುವಂಥದ್ದು ಏನಾದರೂ ಹಾಕಿಕೊಳ್ಳುತ್ತೀಯಾ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಮ್ಮ’ ಎನ್ನುತ್ತೀಯ, ಆಮೇಲೆ ಫೋನಿಗೆ ಅಂಗೈ ಅಡ್ಡ ಹಿಡಿದು ಕೆಮ್ಮುತ್ತೀಯ. ಅಂಗೈ ಅಡ್ಡ ಹಿಡಿದರೆ ತಾಯಿಗೆ ಕೇಳಿಸುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ಡಾಕ್ಟರಿಗೆ ತೋರಿಸು ಎಂದರೆ ಶೀತ ಎನ್ನುತ್ತೀಯ, ಊರಿಗೆ ಬಾ ಎಂದರೆ ಕಟ್ಟಡದ ಕೆಲಸ ಮುಗಿಯಲಿ ಎನ್ನುತ್ತೀಯ. ಪರದೇಶದ ಆ ಕೋಣೆಯಲ್ಲಿ ಮಂಚದ ಮೇಲೊಂದು ಮಂಚ ಹಾಕಿಕೊಂಡು ಅಷ್ಟು ಜನ ಇದ್ದೀರಿ, ಒಬ್ಬನ ತಾಯಿ ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಅದಕ್ಕೇ ಈ ಕಾಗದ. ನಮ್ಮೂರ ಬಸ್ಸು ಓಡಿಸುವ ಸಫರ್ ನಿಮ್ಮ ಯೆಕಟೆರಿನ್‌ಬರ್ಗ್ ಕಡೆಗೆ ಹೊರಟಿದ್ದಾನೆ. ಒಣ ಏಪ್ರಿಕಾಟ್ ಚೀಲದೊಳಗೆ ಇಟ್ಟು ಕಳಿಸುತ್ತೇನೆ. ಮೊದಲು ಕಾಗದ ಓದು, ಆಮೇಲೆ ಹಣ್ಣು ಹಂಚು.

ಇಲ್ಲಿ ಎಲ್ಲರೂ ಕ್ಷೇಮ. ಹಸು ಕರು ಹಾಕಿದೆ. ನಿನ್ನ ಹೆಂಡತಿ ಅದೀಬಾ ನನ್ನೊಡನೆ ಮಾತು ಬಿಟ್ಟಿದ್ದಳು, ಈಗ ಆಡುತ್ತಿದ್ದಾಳೆ. ಅದು ಯಾಕೆ ಎಂಬುದನ್ನೇ ಹೇಳಹೊರಟಿದ್ದೇನೆ. ನೀನು ಹೊರಡುವ ದಿನ ಹೊಸ್ತಿಲಲ್ಲಿ ನಿಂತು ಒಂದು ತುತ್ತು ಕಚ್ಚಿಟ್ಟು ಹೋದ ರೊಟ್ಟಿ ಗೋಡೆಯ ಮೊಳೆಯಲ್ಲಿ ಹಾಗೇ ಇದೆ. ಹೋದವನೇ ಬಂದು ಮುಗಿಸಬೇಕಾದದ್ದು, ಬೇರೆ ಯಾರೂ ಬಾಯಿ ಹಚ್ಚುವಂತಿಲ್ಲವಲ್ಲ. ಒಣಗಿ ಹೆಂಚಿನ ಹಾಗಾಗಿದೆ. ನಿನ್ನ ಮಗಳು ಸಿತೋರಾ ಹಲ್ಲಿನ ಗುರುತಿನ ಮೇಲೆ ಬೆರಳಿಟ್ಟು ‘ಇದು ನಮ್ಮಪ್ಪನ ಬಾಯಿ’ ಎಂದು ಬಂದವರಿಗೆಲ್ಲ ತೋರಿಸುತ್ತಾಳೆ.

ಈಗ ಸುದ್ದಿ. ನಿನ್ನ ತಾಯಿ ಸಿನಿಮಾದಲ್ಲಿ ಪಾತ್ರ ಮಾಡಿದಳು. ನಗಬೇಡ. ಜನವರಿಯಲ್ಲಿ ದುಶಾಂಬೆಯಿಂದ ಮನಿಜಾ ಎಂಬ ಹುಡುಗಿ ಕ್ಯಾಮೆರಾ ಹಿಡಿದುಕೊಂಡು ಬಂದಳು. ಕ್ಷಯದ ಬಗ್ಗೆ ಹಳ್ಳಿ ಹಳ್ಳಿಯಲ್ಲಿ ತೋರಿಸುವುದಕ್ಕೆ ಒಂದು ಚಿಕ್ಕ ಚಿತ್ರ, ಅದರಲ್ಲಿ ಊರಿನವರೇ ಇರಬೇಕು ಎಂದಳು. ನಮ್ಮ ಆಸ್ಪತ್ರೆಯ ನರ್ಸ್ ಜುಲ್ಹಿಜಾ ಮನೆ ಮನೆಗೆ ಕರೆದುಕೊಂಡು ಹೋದಳು. ಡಾಕ್ಟರಾಗುವುದಕ್ಕೆ, ಸೊಸೆಯಾಗುವುದಕ್ಕೆ, ನೆರೆಯವಳಾಗುವುದಕ್ಕೆ ಜನ ನಾನು ತಾನು ಎಂದು ಬಂದರು. ರೋಗಿಯಾಗುವುದಕ್ಕೆ ಒಬ್ಬರೂ ಇಲ್ಲ. ಮದುವೆಯಾಗದವರಿಗೆ ಗಂಡು ಸಿಗುವುದಿಲ್ಲವಂತೆ, ಮದುವೆಯಾದವರಿಗೆ ಅತ್ತೆಯ ಅಪ್ಪಣೆ ಇಲ್ಲವಂತೆ, ಅತ್ತೆಯರಿಗೆ ಮಗಳ ಗಂಡನ ಮನೆಯವರ ಭಯವಂತೆ. ಕಾಯಿಲೆಯ ಹೆಸರೆತ್ತಿದರೇ ತಮಗೆ ತಗಲದಿರಲೆಂದು ಕಾಲರ್ ಒಳಗೆ ತು ತು ಎಂದು ಉಗಿದುಕೊಳ್ಳುವ ಜನ ನಾವು. ಮನಿಜಾ ಪೆಟ್ಟಿಗೆ ಕಟ್ಟಲು ಶುರು ಮಾಡಿದಳು. ಆಗ ನಾನು ಕೈ ಎತ್ತಿದೆ. ‘ಮುದುಕಿಗೆ ಈಗ ಸಿನಿಮಾ ಹುಚ್ಚು ಹಿಡೀತು ನೋಡು’ ಎಂದು ಪಕ್ಕದ ಮನೆ ಓಯ್ಷಾ ಎಲ್ಲರಿಗೂ ಕೇಳುವ ಹಾಗೆ ಅಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಕಾಲುವೆ ನೀರಿನ ಸರದಿಗಾಗಿ ಜಗಳವಾಡಿದಾಗಿನಿಂದ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ಕಥೆ ಏನೂ ದೊಡ್ಡದಲ್ಲ. ನನ್ನ ಹಾಗೇ ಊರಿಗೆಲ್ಲ ರೊಟ್ಟಿ ಸುಡುವ ಒಬ್ಬ ಹೆಂಗಸಿಗೆ ಕ್ಷಯ ಬರುತ್ತದೆ, ಯಾರೂ ಅವಳ ರೊಟ್ಟಿ ಮುಟ್ಟುವುದಿಲ್ಲ. ನಾನು ಕೆಮ್ಮಬೇಕು. ಮೊದಲು ಜೋರಾಗಿ ಕೆಮ್ಮಿದೆ. ‘ಅಜ್ಜಿ, ಹಾಗಲ್ಲ, ಬೇರೆಯವರಿಗೆ ಗೊತ್ತಾಗಬಾರದು ಅಂತ ಮುಚ್ಚಿಡೋ ಕೆಮ್ಮು ಅದು’ ಎಂದಳು ಮನಿಜಾ. ಅಂಗೈ ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ಕೆಮ್ಮಿ ತೋರಿಸಿದೆ. ‘ಇದನ್ನ ಎಲ್ಲಿ ಕಲಿತ್ರಿ?’ ಎಂದು ಕೇಳಿದಳು. ಇನ್ನೊಂದು ಸಲ ಕೆಮ್ಮಲೇ ಎಂದೆ. ಇನ್ನೊಂದು ದಿನ ನಮ್ಮ ಗೋಡೆಯ ಮೇಲಿನ ರೊಟ್ಟಿ ಅವಳ ಕಣ್ಣಿಗೆ ಬಿತ್ತು. ಅದನ್ನು ಚಿತ್ರದಲ್ಲಿ ಸೇರಿಸೋಣ ಎಂದು ಬಹಳ ಕೇಳಿಕೊಂಡಳು. ಅದು ಸಿನಿಮಾ ಸಾಮಾನಲ್ಲ ಎಂದು ಹೇಳಿ ಕೋಣೆಯ ಬಾಗಿಲು ಎಳೆದುಕೊಂಡೆ. ಒಳ್ಳೆಯ ಹುಡುಗಿ, ಬೇಜಾರು ಮಾಡಿಕೊಳ್ಳಲಿಲ್ಲ.

ಚಿತ್ರವನ್ನು ಹಳೆಯ ಸಭಾಭವನದಲ್ಲಿ ಶುಕ್ರವಾರದ ನಮಾಜ್ ಮುಗಿದ ಮೇಲೆ ತೋರಿಸಿದರು. ಹಗಲು ಬೆಳಕು ಒಳಗೆ ಬರದಿರಲೆಂದು ಹೆಂಗಸರು ತಮ್ಮ ಮದುವೆಯ ರಜಾಯಿಗಳನ್ನೇ ತಂದು ಕಿಟಕಿಗಳಿಗೆ ಕಟ್ಟಿದ್ದರು, ಯಾರದು ಎಷ್ಟು ಚೆಂದ ಎಂಬ ಪೈಪೋಟಿ ಬೇರೆ. ಚಿತ್ರದಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳುತ್ತಾಳೆ: ಈ ಕಾಯಿಲೆ ರೊಟ್ಟಿಯಿಂದ ಅಂಟುವುದಿಲ್ಲ, ಬಟ್ಟಲಿನಿಂದ ಅಂಟುವುದಿಲ್ಲ, ಔಷಧಿ ತೆಗೆದುಕೊಳ್ಳದೆ ಮುಚ್ಚಿದ ಕೋಣೆಯಲ್ಲಿ ಕೆಮ್ಮುವವರ ಉಸಿರಿನಿಂದ ಅಂಟುತ್ತದೆ, ಔಷಧಿಯನ್ನು ನಡುವೆ ಬಿಡದೆ ಪೂರ್ತಿ ತೆಗೆದುಕೊಂಡರೆ ವಾಸಿಯಾಗುತ್ತದೆ. ಗಡ್ಡದ ಹಿರಿಯರು ‘ನಿಜ, ನಿಜ’ ಎಂದು ತಲೆಯಾಡಿಸಿದರು. ಹೆಂಗಸರು ಸೆರಗು ಒದ್ದೆಯಾಗುವಷ್ಟು ಅತ್ತರು. ಮನಿಜಾ ಸಂತೋಷದಿಂದ ನನ್ನನ್ನು ತಬ್ಬಿಕೊಂಡು ದುಶಾಂಬೆಗೆ ಹೋದಳು.

ಮರುದಿನ ನಮ್ಮ ಮನೆಗೆ ರೊಟ್ಟಿ ಕೇಳಿಕೊಂಡು ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಇಲ್ಲದ ಕಾಯಿಲೆಯನ್ನು ‘ನನಗಿದೆ’ ಎಂದು ಯಾರಾದರೂ ಅಷ್ಟು ಜನರ ಮುಂದೆ ಹೇಳಿಯಾರೇ, ಇದ್ದದ್ದಕ್ಕೇ ಹೇಳಿದ್ದಾಳೆ, ಸಿನಿಮಾ ಎನ್ನುವುದೊಂದು ನೆಪ ಎಂದು ಊರಿಗೆ ಊರೇ ತೀರ್ಮಾನ ಮಾಡಿತ್ತು. ಡಾಕ್ಟರಮ್ಮನ ಮಾತಿಗೆ ಅತ್ತವರೇ ನನ್ನ ಒಲೆಯ ಕಡೆ ನೋಡದೆ ದಾಟಿ ಹೋದರು. ಇಮಾಮರ ಮನೆಯಲ್ಲಿ ಮಗುವಿಗೆ ಹೆಸರಿಡುವ ದಿನ ಎಲ್ಲರಿಗೂ ಬಿಳಿ ಬಟ್ಟಲಿನಲ್ಲಿ ಚಹಾ, ನನಗೆ ನೀಲಿಯದರಲ್ಲಿ. ಕುಡಿದ ಮೇಲೆ ಆ ನೀಲಿ ಬಟ್ಟಲನ್ನು ಇಮಾಮರ ಹೆಂಡತಿ ಎರಡು ಬೆರಳಿನಲ್ಲಿ ಹಿಡಿದು ಹೊರಗಿನ ಕಿಟಕಿಯ ಮೇಲೆ ಇಟ್ಟಳು. ನಿನ್ನ ಅಪ್ಪನ ಸಾವಿನ ಊಟಕ್ಕೂ ಇವರೆಲ್ಲರ ಮದುವೆಗಳಿಗೂ ರೊಟ್ಟಿ ಸುಟ್ಟ ಕೈ ಇದು. ಸುಳ್ಳೇಕೆ ಹೇಳಲಿ, ಮನೆಗೆ ಬಂದು ತಂದೂರ್ ಒಲೆಯ ಪಕ್ಕದಲ್ಲಿ ಕುಳಿತು ಅತ್ತೆ.

ಜುಲ್ಹಿಜಾ ಓಡಿ ಬಂದಳು. ‘ಅಮ್ಮ, ಮಸೀದಿ ಮುಂದೆ ನಿಂತ್ಕೊಂಡು ನಾನೇ ಹೇಳ್ತೀನಿ, ನಿಮ್ಮ ಎದೆ ಗಟ್ಟಿಮುಟ್ಟಾಗಿದೆ, ಕಾಯಿಲೆ ಏನೂ ಇಲ್ಲ ಅಂತ’ ಎಂದಳು. ಬೇಡ ಎಂದೆ. ಅದೀಬಾ ಅಂತೂ ಕೂಗಾಡಿದಳು. ‘ಒಂದು ಮಾತು ಹೇಳಿದ್ರೆ ಮುಗಿಯೋದಕ್ಕೆ ಯಾಕತ್ತೆ ಈ ಹಟ? ನಾಳೆ ನನ್ನ ಮಗೂನ ಪಕ್ಕದಲ್ಲೂ ಯಾರೂ ಕೂರಲ್ಲ’ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಹೇಳುವುದಿಲ್ಲ, ನೀವೂ ಯಾರೂ ಹೇಳಕೂಡದು ಎಂದೆ. ಆಗಲೇ ಅವಳು ಮಾತು ಬಿಟ್ಟದ್ದು. ಸುಟ್ಟ ರೊಟ್ಟಿಯನ್ನು ನಾವು ತಿಂದು ಉಳಿದದ್ದನ್ನು ಹಸುವಿಗೆ ಹಾಕುತ್ತಿದ್ದೆ. ಹಸು ಒಂದೇ ನನ್ನ ಮೇಲೆ ನಂಬಿಕೆ ಇಟ್ಟಿತ್ತು.

ಹೋದ ವಾರ ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದೆ. ಓಯ್ಷಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಏನೇ ಸನೋಬರ್, ನನ್ನ ಮೊಮ್ಮಗನ ಸುನ್ನತಿ ಔತಣಕ್ಕೆ ಆ ಪೇಟೆಯ ಹತ್ತಿಯಂಥ ರೊಟ್ಟಿನ ನೆಂಟರ ಮುಂದೆ ಇಡ್ಲಾ?’ ಎಂದಳು. ನನಗೆ ಕ್ಷಯ ಅಂತಾರಲ್ಲೇ ಎಂದೆ. ‘ಆ ಡಾಕ್ಟರಮ್ಮ ಅಷ್ಟು ಹೇಳಿದ್ದು ನಿಂಗೆ ಕೇಳಿಸ್ಲಿಲ್ವಾ? ಪಾತ್ರ ಮಾಡೋದ್ರಲ್ಲೇ ಮೈ ಮರೆತಿದ್ಯಾ? ಔಷಧಿ ತಗೋತಿದೀಯ ತಾನೆ?’ ಎನ್ನುತ್ತಾ ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದುಕೊಂಡು ಬೀದಿಗೆ ಹೋದಳು. ಕಾಲುವೆಗೆ ನೀರಿಗೆ ಬಂದವರೆಲ್ಲ ನೋಡುತ್ತಿದ್ದ ಹಾಗೇ ಅಲ್ಲೇ ನಿಂತು ಮುರಿದು ಪೂರ್ತಿ ತಿಂದಳು. ಮೊದಲ ತುತ್ತಿಗೆ ಮುಂಚೆ ಕಾಲರ್ ಒಳಗೆ ಮೆಲ್ಲಗೆ ತು ತು ಎಂದುಕೊಂಡಳು, ನಾನು ನೋಡಿದೆ. ಹೆದರಿಕೆ ಅವಳಿಗೂ ಇತ್ತು. ‘ನನಗೆ ಏನೂ ಇಲ್ಲ ಕಣೇ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಹೇಳಿಬಿಟ್ಟಿದ್ದರೆ ಅವಳು ತಿಂದದ್ದು ಗಟ್ಟಿಮುಟ್ಟಾದವಳ ರೊಟ್ಟಿಯಾಗುತ್ತಿತ್ತು. ಅದರಿಂದ ಯಾರಿಗೆ ಏನು ಬಂತು? ಅವಳು ಕ್ಷಯದವಳ ರೊಟ್ಟಿ ತಿಂದಿದ್ದಾಳೆ. ಅದು ಹಾಗೇ ಇರಲಿ.

ಔತಣಕ್ಕೆ ನನ್ನ ರೊಟ್ಟಿಯೇ ಹೋಯಿತು. ಊರೆಲ್ಲ ಬದಲಾಯಿತು ಎಂದು ಬರೆದರೆ ನೀನು ನಂಬಲಾರೆ. ಕೆಲವರು ತಿಂದರು, ಕೆಲವರು ಪಲಾವು ಮಾತ್ರ ತಿಂದು ರೊಟ್ಟಿಯನ್ನು ಊಟಕ್ಕೆ ಹಾಸಿದ ದಸ್ತರ್‌ಖಾನಿನ ಬಟ್ಟೆಯ ಮಡಿಕೆಯೊಳಗೆ ಸರಿಸಿದರು. ಇಮಾಮರ ಹೆಂಡತಿಯ ನೀಲಿ ಬಟ್ಟಲು ಇನ್ನೂ ಕಿಟಕಿಯ ಮೇಲೇ ಇದೆ. ಆದರೆ ಓಯ್ಷಾ ನನ್ನ ಪಕ್ಕದಲ್ಲೇ ಕುಳಿತು ನಾನು ಕುಡಿದ ಬಟ್ಟಲಿನಲ್ಲೇ ಚಹಾ ಬಗ್ಗಿಸಿಕೊಂಡು ಕುಡಿದಳು. ಈಗ ಬೆಳಿಗ್ಗೆ ನಾಲ್ಕಾರು ಮನೆಯವರು ಬುಟ್ಟಿ ಹಿಡಿದುಕೊಂಡು ಬರುತ್ತಾರೆ. ನೀರಿನ ಸರದಿಯ ಜಗಳವೂ ಮತ್ತೆ ಶುರುವಾಗಿದೆ, ಅಷ್ಟರಮಟ್ಟಿಗೆ ನಾನು ಊರಿನವಳಾಗಿದ್ದೇನೆ.

ಸಿತೋರಾ ಮುತ್ತು ಕಳಿಸಿದ್ದಾಳೆ. ಅದೀಬಾ ಹೆಣೆದ ಕಾಲುಚೀಲ ಚೀಲದ ತಳದಲ್ಲಿದೆ. ನಡೆಯುವ ದಾರಿಯಲ್ಲೂ ಹತ್ತುವ ಏಣಿಯಲ್ಲೂ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ತಾಯಿ
ಸನೋಬರ್

ಮತ್ತೆ: ಸಫರ್ ಬಂದು ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಜೊತೆಯಲ್ಲಿದ್ದ ಇಸ್ಕಂದರ್ ಹೊಸ ವರ್ಷಕ್ಕೆ ಊರಿಗೆ ಬಂದಾಗ ಎಲ್ಲ ಹೇಳಿದ. ನಿನ್ನ ಎದೆಯ ಎಕ್ಸ್‌ರೇ ತೆಗೆದು ಕ್ಷಯ ಎಂದದ್ದು, ದೇಶದಿಂದ ಹೊರಗೆ ಕಳಿಸಿಬಿಡುತ್ತಾರೆ ಎಂದು ನೀನು ಮತ್ತೆ ಆ ಆಸ್ಪತ್ರೆಯ ಕಡೆ ಹೋಗದಿದ್ದದ್ದು, ‘ಊರಲ್ಲಿ ಗೊತ್ತಾದ್ರೆ ನಮ್ಮನೇಲಿ ಯಾರೂ ರೊಟ್ಟಿ ಮುರಿಯಲ್ಲ’ ಎಂದು ಅತ್ತದ್ದು. ನಾನು ಕೈ ಎತ್ತಿದ್ದು ಅದಕ್ಕೇ. ನೀನು ಬರುವುದರೊಳಗೆ, ಕ್ಷಯದವರ ಜೊತೆ ಕೂತು ರೊಟ್ಟಿ ಮುರಿಯುವುದನ್ನು ಇವರು ನನ್ನ ಮೇಲೆ ರೂಢಿ ಮಾಡಿಕೊಳ್ಳಲಿ ಎಂದು. ನಿನ್ನೆ ಅದೀಬಾಗೆ ಹೇಳಿದೆ. ಅತ್ತಳು, ಆಮೇಲೆ ಎದ್ದು ಹೋಗಿ ಗಾಳಿಯಾಡುವ ಎರಡು ಕಿಟಕಿಯ ಕೋಣೆಗೆ ನಿನಗೆಂದು ಸುಣ್ಣ ಬಳಿದಳು. ಜುಲ್ಹಿಜಾ ಹೇಳುವುದು ಇಷ್ಟು: ನಾಳೆಯೇ ಅಲ್ಲಿಯ ಡಾಕ್ಟರ ಬಳಿ ಹೋಗಿ ಔಷಧಿ ಶುರು ಮಾಡು, ಪ್ರಯಾಣ ಮಾಡಬಹುದು ಎಂದು ಅವರು ಹೇಳಿದ ಮೇಲೆ ಹೊರಡು, ಕೋಣೆಯವರಿಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳು. ದೇಶದಿಂದ ಕಳಿಸಿದರೆ ಕಳಿಸಲಿ, ಅವರು ಕಳಿಸುವುದು ನಮ್ಮ ಮನೆಗೆ ತಾನೇ. ಇಂದು ಬೆಳಿಗ್ಗೆ ನಿನ್ನ ರೊಟ್ಟಿಯನ್ನು ಮೊಳೆಯಿಂದ ಇಳಿಸಿ, ಚಹಾದಲ್ಲಿ ನೆನೆಸಿ, ನಿನ್ನ ಹಲ್ಲಿನ ಗುರುತಿನ ಪಕ್ಕದಲ್ಲೇ ನಾನೂ ಒಂದು ತುತ್ತು ಕಚ್ಚಿ ತಿಂದೆ. ಪದ್ಧತಿ ತಪ್ಪಿತು, ಗೊತ್ತು. ಉಳಿದದ್ದನ್ನು ಮತ್ತೆ ಗೋಡೆಗೆ ಹಾಕಿದ್ದೇನೆ. ಬಂದು ಮುಗಿಸು.