ಮರಿಗಳ ಕೊರಳಿನ ದಾರ

ತಾಳಗುಂದ
೪-೪-೧೯೫೮

ಚಿ. ಷಡಕ್ಷರಿಗೆ ನಿನ್ನ ಅತ್ತೆಯ ಆಶೀರ್ವಾದ, ಸಿಟ್ಟಿನ ಜೊತೆಗೇ.

ನಮ್ಮ ಹಿತ್ತಲ ಗೂಡಿನ ಎರಡು ಪಿಕಳಾರ ಹಕ್ಕಿಯ ಮರಿಗಳು ಏನು ತಿನ್ನುತ್ತವೆ ಎಂದು ತಿಳಿಯಲು ನೀನು ಅವುಗಳ ಕೊರಳಿಗೆ ದಾರ ಕಟ್ಟಿದೆ. “ನುಂಗೋಕಾಗಲ್ಲ ಅಷ್ಟೇ ಅತ್ತೆ, ಬಾಯಲ್ಲಿರೋ ಹುಳ ತಗೊಂಡು ಕೂಡ್ಲೇ ಬಿಚ್ತೀನಿ” ಅಂದೆ. ನಾನು ನಂಬಿದೆ. ಬಿಚ್ಚದೆ ಕುಪ್ಪಗಡ್ಡೆಯ ಮದುವೆಗೆ ಬಸ್ಸು ಹತ್ತಿದೆಯಲ್ಲೋ!

ಮಾರನೆಯ ಬೆಳಿಗ್ಗೆ ನೋಡಿದರೆ ತಾಯಿಹಕ್ಕಿ ಹುಳ ತರುತ್ತಲೇ ಇದೆ. ಮರಿಗಳ ಬಾಯಿ ತುಂಬಿದೆ, ಹೊಟ್ಟೆ ಬರಿದು. ಕತ್ತರಿಯಿಂದ ದಾರ ಬಿಡಿಸಿದೆ. ಒಂದು ಬದುಕಿತು. ಇನ್ನೊಂದನ್ನು ದಾಸವಾಳದ ಬುಡದಲ್ಲಿ ಹೂತೆ.

ಮದುವೆಯ ಹೋಳಿಗೆ ನಿನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತೇನೋ?

ಭಾನುವಾರ ಬಾ. ಹಕ್ಕಿಯ ಓದು ಬಿಡು ಅನ್ನುವುದಿಲ್ಲ. ಆದರೆ ಇನ್ನು ಮುಂದೆ ದಾರ ಕಟ್ಟಿದರೆ, ಅದನ್ನು ಬಿಚ್ಚುವ ತನಕ ನನ್ನ ಮನೆಯಲ್ಲಿ ನಿನಗೂ ತುತ್ತಿಲ್ಲ.

ನಿನ್ನ ಅತ್ತೆ,
ನೀಲಾಂಬಿಕ