ಗುಬ್ಬಿಯ ಕಚೇರಿಯಲ್ಲಿ ಸಂದರ್ಶನ

ಮನೆಯಿಂದ,
ಗುರುವಾರ, ಮಾರ್ಚ್ ೧೨

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ನಿಮ್ಮ ಮಂಡಿ ನೋವು ಹೇಗಿದೆ? ದೊಡ್ಡತ್ತೆ ಕೋಲು ಹಿಡಿದು ನಡೆಯಲು ಶುರು ಮಾಡಿದರೇ, ಇಲ್ಲ ಇನ್ನೂ ನಿಮ್ಮ ಹೆಗಲನ್ನೇ ಹಿಡಿದುಕೊಂಡಿದ್ದಾರೋ? ಅಕ್ಕನನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ತಂಗಿ ಮಾತ್ರೆ ನುಂಗುವುದನ್ನು ಮರೆಯಬಾರದು, ಇದು ನಿಮ್ಮ ಮಗನ ಆಜ್ಞೆ. ಇಲ್ಲಿ ನಾವೆಲ್ಲ ಆರೋಗ್ಯ. ನಿಮ್ಮ ಮೊಮ್ಮಗಳು ನಿಮ್ಮ ಮಂಚವನ್ನು ಹಿಡಿದಿದ್ದಾಳೆ. ನೀವು ಬಂದ ಮೇಲೂ ಬಿಡುವ ಲಕ್ಷಣವಿಲ್ಲ. ಇಷ್ಟು ದಿನ ಫೋನಿನಲ್ಲೇ ಮಾತಾಡುತ್ತಿದ್ದವಳು ಈಗೇಕೆ ಕಾಗದ ಹಿಡಿದು ಕೂತಳು ಎಂದು ನೀವು ಹುಬ್ಬು ಗಂಟಿಕ್ಕಿರುತ್ತೀರಿ. ಕಾರಣವಿದೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧಕ್ಕೇ ಇಟ್ಟುಬಿಡುತ್ತೀರಿ. ಪತ್ರವಾದರೆ ಸಿಟ್ಟು ಬಂದು ಮಡಚಿಟ್ಟರೂ ಕಾಫಿ ಕುಡಿದಾದ ಮೇಲೆ ಮತ್ತೆ ಬಿಚ್ಚಿ ಓದುತ್ತೀರಿ, ನನಗೆ ಗೊತ್ತು.

ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದ್ದೆನಲ್ಲ, ಆ ದೊಡ್ಡ ವಕೀಲರ ಸಂಸ್ಥೆಯಿಂದ ಕರೆ ಬಂತು. ಬರೀ ಸಂದರ್ಶನವಲ್ಲ, ಮೊದಲು ಒಂದು ಪರೀಕ್ಷೆ, ಆಮೇಲೆ ಮೂವರ ಮುಂದೆ ಕೂತು ಉತ್ತರ. ಕರೆ ಬಂದ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ನಿಮ್ಮ ಮಗ ಬನಿಯನ್ನಿನ ಮೇಲೆ ಟೈ ಕಟ್ಟಿಕೊಂಡು ಊಟದ ಮೇಜಿನಾಚೆ ಕೂತು ನನ್ನನ್ನು ಸಂದರ್ಶಿಸಿದರು. "ನಿಮ್ಮ ದೌರ್ಬಲ್ಯ ಏನು ಮೇಡಂ?" ಎಂದರು. "ನೀವೇ" ಎಂದೆ. ಫೇಲು ಮಾಡಿದರು. ಮಗಳು ನನ್ನ ಉತ್ತರಗಳನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿ ತೋರಿಸಿದಳು. ಅಯ್ಯೋ ಅತ್ತೆ, ನಾನು ಮಾತು ಮಾತಿಗೂ "ಅಂದರೆ" ಎನ್ನುತ್ತೇನೆ! ಬಾಯಿ ತೆರೆದರೆ ಅಂದರೆ, ಮುಚ್ಚುವಾಗ ಅಂದರೆ. ಯಾರಾದರೂ ಎದುರು ಮಾತಾಡುತ್ತಿದ್ದರೆ ಸುಮ್ಮನೆ ತಲೆಯಾಡಿಸುತ್ತೇನೆ, ಒಪ್ಪದಿದ್ದರೂ. ಇಷ್ಟು ವರ್ಷ ನಿಮ್ಮ ಮುಂದೆ ತಲೆಯಾಡಿಸಿದ್ದರಲ್ಲಿ ಎಷ್ಟು ನಿಜ ಎಂದು ಈಗ ನಿಮಗೂ ಅನುಮಾನ ಬರಬಹುದು.

ಓದಿಗೆ ಮಾತ್ರ ಮಾವನ ವಕೀಲಿ ಕೋಣೆಗೇ ಹೋಗುತ್ತಿದ್ದೆ. ಬಾಗಿಲು ತಳ್ಳಿದರೆ ಅದೇ ವಾಸನೆ, ಹಳೆಯ ರಟ್ಟು, ಶಾಯಿ, ಒದ್ದೆ ಕೋಟು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಕೋಣೆಯೆಂದರೆ ನನಗೆ ಭಯ. ಮಳೆಗಾಲದಲ್ಲಿ ಹೊರಗಡೆ ಕಕ್ಷಿದಾರರ ಛತ್ರಿಗಳೆಲ್ಲ ಸಾಲಾಗಿ ನೀರು ಸುರಿಸುತ್ತ ನಿಂತಿರುತ್ತಿದ್ದವು. ಒಳಗೆ ಮಾವನ ಕೆಮ್ಮು, ನಡುವೆ ಯಾರದೋ ಅಳು. ನೀವು ಅಡುಗೆಮನೆಯಿಂದ ಛತ್ರಿ ಎಣಿಸಿ ಅಷ್ಟು ಲೋಟ ಚಹಾ ಕಳಿಸುತ್ತಿದ್ದಿರಿ. ಗುಮಾಸ್ತರು ಕೆಲಸ ಬಿಟ್ಟ ಮೇಲೆ ಟೈಪು ಮಾಡಲು ಮಾವ ನನ್ನನ್ನು ಕರೆದರು. ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಾ ಹೋಗುವರು, ನಾನು ಬಡಿಯುತ್ತಾ ಹೋಗುವೆ, ತಪ್ಪಾದರೆ ತಿರುಗದೆಯೇ ಸದ್ದಿನಲ್ಲೇ ಗುರುತು ಹಿಡಿದು "ಹೂಂ?" ಎನ್ನುವರು. ಆ "ಹೂಂ?" ಈಗಲೂ ಕಿವಿಯಲ್ಲಿದೆ.

ಅವರು ಹೋದ ಮೇಲೆ ಕೋಣೆಗೆ ನೀವು ಬೀಗ ಹಾಕಿದಿರಿ. ಆಮೇಲೆ ಒಂದು ಬೆಳಿಗ್ಗೆ ಏನನ್ನಿಸಿತೋ, ನೀವೇ ಕಿಟಕಿಗಳನ್ನೆಲ್ಲ ತೆರೆದು, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಈ ಪುಸ್ತಕಾನೆಲ್ಲ ಗೆದ್ದಲು ತಿನ್ನೋ ಬದಲು ನೀನೇ ತಿನ್ನು" ಎಂದಿರಿ. ನಾನು ತಮಾಷೆ ಅಂದುಕೊಂಡೆ. ಮರುದಿನ ಸಂಜೆ ಕಾಲೇಜಿನ ಅರ್ಜಿ ತರಲು ನಿಮ್ಮ ಮಗನನ್ನು ಅಟ್ಟಿದಾಗಲೇ ಗೊತ್ತಾಗಿದ್ದು. ನೀವು ಹುರುಳಿಕಾಯಿ ನಾರು ತೆಗೆಯುತ್ತ ಕೂತಿರುತ್ತಿದ್ದಿರಿ, ನಾನು ಎದುರು ಕೂತು ಕಾನೂನಿನ ಕಲಮುಗಳನ್ನು ಜೋರಾಗಿ ಓದುತ್ತಿದ್ದೆ. ಆದರೆ ಎನ್ನುವ ಬದಲು "ಪರಂತು" ಅಂತ ಬಂದರೆ ಸಾಕು, ನಿಮಗೆ ಆಕಳಿಕೆ. "ನಂಗೆ ತಿಳಿಯೋ ಹಾಗೆ ಹೇಳೇ, ಇಲ್ಲಾಂದ್ರೆ ಸುಮ್ಮನಿರು" ಎಂದು ಬೈದು, ನಾನು ಬಿಡಿಸಿ ಹೇಳಿದ ಮೇಲೆ "ಇಷ್ಟೇನಾ? ಇದಕ್ಕೆ ಇಷ್ಟುದ್ದ ಬರೆದಿದಾರಾ?" ಎನ್ನುತ್ತಿದ್ದಿರಿ. ಈ ಸಲ ಒಬ್ಬಳೇ ಓದುವಾಗ ಎದುರಿನ ಖಾಲಿ ಮಣೆ ನೋಡಿ ನೋಡಿ ಸಾಕಾಯಿತು.

ಮಂಗಳವಾರ ಪರೀಕ್ಷೆ. ಗಾಜಿನ ಬಾಗಿಲಿನ ಹತ್ತಿರ ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ "ಮಕ್ಕಳ ಜೊತೆ ಬಂದೋರು ಆ ಕಡೆ ಕೂರಬೇಕಮ್ಮ" ಎಂದು ಸೋಫಾ ತೋರಿಸಿದ. ನಾನೇ ಮಗು ಎಂದೆ. ಪಾಪ, ನಕ್ಕು ಬಾಗಿಲು ಹಿಡಿದ. ಒಳಗೆ ಎಲ್ಲರೂ ನನ್ನ ಮಗಳಿಗೆ ಅಕ್ಕಂದಿರಾಗುವ ವಯಸ್ಸಿನವರು. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಕಂಪ್ಯೂಟರು, ಒಂದು ಕಟ್ಟು ಕಾಗದ. ಪ್ರಶ್ನೆ ಇದು: ಹೊಲಿಗೆ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸು. ಕಟ್ಟಡದ ಒಡೆಯ ಕರಾರು ಮುಗಿಯಿತೆಂದು ಬೀಗ ಜಡಿದಿದ್ದಾನೆ. ಕಾಗದಗಳನ್ನು ಓದಿ, ಅವಳಿಗೆ ಏನು ಸಲಹೆ ಕೊಡುತ್ತೀರಿ ಬರೆಯಿರಿ, ಒಂದು ಗಂಟೆ ಸಮಯ. ನಾನು ಇನ್ನೂ ಕರಾರಿನ ಎರಡನೇ ಪುಟದಲ್ಲಿದ್ದೆ, ಸುತ್ತಲೂ ಟಕಟಕ ಬಡಿಯುವ ಸದ್ದು ಶುರುವಾಯಿತು. ಎದ್ದು ಹೋಗಿಬಿಡೋಣ, ಆ ಸೋಫಾದಲ್ಲೇ ಕೂತು ಬೇರೆಯವರ ಮಕ್ಕಳಿಗೆ ಕಾಯೋಣ ಎನ್ನಿಸಿಬಿಟ್ಟಿತು. ಆಗ ಮಾವ ಟೈಪು ಮಾಡಿಸುವಾಗ ಹೇಳುತ್ತಿದ್ದ ಮಾತು ನೆನಪಾಯಿತು: "ಬಂದೋರಿಗೆ ಏನು ಬೇಕು ಅನ್ನೋದನ್ನ ಮೊದಲ ಸಾಲಲ್ಲೇ ಬರಿ. ನಮ್ಮ ಪಾಂಡಿತ್ಯ ಎಲ್ಲ ಆಮೇಲೆ." ಕಾನೂನು ಪುಸ್ತಕದಲ್ಲಿ ಇಲ್ಲದ ಮಾತು. ನಾನು ಬರೆದೆ: "ಈ ಹೆಂಗಸಿಗೆ ನಾಳೆ ಬೆಳಿಗ್ಗೆ ತನ್ನ ಅಂಗಡಿಯ ಬಾಗಿಲು ತೆರೆಯಬೇಕಾಗಿದೆ." ಅಲ್ಲಿಂದ ಮುಂದೆ ದಾರಿ ತಾನಾಗಿಯೇ ಕಾಣಿಸಿತು. ಮೊದಲು ಬೀಗ, ಆಮೇಲೆ ಕರಾರು. ಕೊನೆಯ ಪ್ಯಾರಾ ಮುಗಿಸಲಾಗಲಿಲ್ಲ; ಸಮಯವಾಯಿತು ಎಂದರು.

ಮಧ್ಯಾಹ್ನ ಸಂದರ್ಶನ. ಮೂವರಿದ್ದರು. ಒಬ್ಬ ಚುರುಕು ಕಣ್ಣಿನ ವಕೀಲೆ, ಒಬ್ಬ ಮೆಲುದನಿಯ ಯುವಕ, ನಡುವೆ ಸಂಸ್ಥೆಯ ಹಿರಿಯರು. ಆರಡಿ ಎತ್ತರ, ಬಿಳಿ ಮೀಸೆ, ಕುರ್ಚಿ ತುಂಬ ಕೂತ ಆಳು. ಮೊದಮೊದಲು ಅವರು ಏನೂ ಕೇಳಲಿಲ್ಲ, ನಾನು ಬರೆದದ್ದನ್ನೇ ಓದುತ್ತಿದ್ದರು. ನಾನು "ಅಂದರೆ"ಗಳನ್ನು ನುಂಗಿಕೊಂಡು ಉಳಿದಿಬ್ಬರಿಗೆ ಉತ್ತರಿಸುತ್ತಿದ್ದೆ. ನಡುವೆಯೇ ಅವರು ತಲೆಯೆತ್ತಿ, "ಹೀಗೆ ಶುರು ಮಾಡೋದನ್ನ ಯಾರು ಹೇಳಿಕೊಟ್ರು?" ಎಂದರು. ಅರ್ಜಿಯಲ್ಲಿ ನನ್ನ ತವರಿನ ಹೆಸರಿತ್ತು. ಈ ಊರಿನಲ್ಲಿ ಮಾವನ ಹೆಸರು ಹೇಳಿ ಕೆಲಸ ಗಿಟ್ಟಿಸಿಕೊಂಡಳು ಎನ್ನಿಸಿಕೊಳ್ಳಬಾರದು ಎಂದೇ ಹಾಗೆ ಮಾಡಿದ್ದೆ. ಆದರೆ ಎದುರಿಗೇ ಕೇಳಿದಾಗ ಬೇರೆ ಏನು ಹೇಳಲಿ? ಮಾವನ ಹೆಸರು ಹೇಳಿದೆ. "ನಾನು ಅವರ ಸೊಸೆ" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪಕ್ಕದವರಿಬ್ಬರಿಗೆ, "ಇವರ ಅಂಕ ನೀವಿಬ್ಬರೇ ಹಾಕಿ. ನಾನು ಇವರ ಮನೆ ಅನ್ನ ತಿಂದವನು, ನಾನಿಲ್ಲಿ ಕೂರೋದು ಸರಿಯಲ್ಲ" ಎಂದು ಎದ್ದರು. ಬಾಗಿಲಿನ ತನಕ ಹೋದವರು ತಿರುಗಿ, "ನಿಮ್ಮನೇಲಿ ನನ್ನನ್ನ ಗುಬ್ಬಿ ಅಂತ ಕರೀತಿದ್ರು" ಎಂದು ಹೊರಟೇಹೋದರು.

ಹೌದು ಅತ್ತೆ, ಅವರೇ. ಕಾಗದ ಮಡಚಬೇಡಿ, ಇನ್ನೂ ಇದೆ. ನಾನು ಮದುವೆಯಾಗಿ ಬರುವ ಮೊದಲೇ ಈ ಮನೆ ಬಿಟ್ಟು ಹೋದವರು. ನನಗೆ ಗೊತ್ತಿದ್ದದ್ದೆಲ್ಲ ನೀವು ಬಾಯಿ ತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡದ್ದು. ಮಾವನ ಕೈಕೆಳಗೆ ವರ್ಷಗಟ್ಟಲೆ ಕಲಿತ ಹುಡುಗ, ಕೋಣೆಯಲ್ಲೇ ಮಲಗುತ್ತಿದ್ದವನು, ನಿಮ್ಮನ್ನು ಅಮ್ಮ ಎನ್ನುತ್ತಿದ್ದವನು, ಅಕ್ಕಿ ಕಾಳಿನಷ್ಟು ತಿಂದು ಏಳುತ್ತಾನೆಂದು ನೀವೇ ಗುಬ್ಬಿ ಎಂದು ಹೆಸರಿಟ್ಟವನು. ಕೊನೆಗೆ ಒಂದು ದೊಡ್ಡ ಆಸ್ತಿ ಮೊಕದ್ದಮೆಯಲ್ಲಿ ಎದುರು ಪಕ್ಷದ ವಕಾಲತ್ತು ಹಿಡಿದು, ಮಾವನ ಎದುರೇ ನಿಂತು ಗೆದ್ದು, ಮತ್ತೆ ಮನೆ ಕಡೆ ತಲೆ ಹಾಕದವನು. ನಿಮಗೆ ಅದು ಕೂಡ ಅಷ್ಟು ನೋವಲ್ಲ. "ಕೇಸು ಗೆಲ್ಲಲಿ ಬಿಡು, ಅದು ಅವನ ಕೆಲಸ. ಇವರು ಹೋದಾಗ ಒಂದು ಸಲ ಬಂದು ಮುಖ ನೋಡಲಿಲ್ವಲ್ಲ" ಎಂದು ಒಮ್ಮೆ ಹೇಳಿದಿರಿ. ಅವತ್ತು ನೀವು ಊಟ ಮಾಡಲಿಲ್ಲ.

ಉಳಿದಿಬ್ಬರು ನನ್ನನ್ನು ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದರು. ಈ ವಯಸ್ಸಿನಲ್ಲಿ ಕಾನೂನು ಯಾಕೆ ಎಂದು ವಕೀಲೆ ಕೇಳಿದಾಗ, ಮನೆಯಲ್ಲಿ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತಿತ್ತು ಎಂದುಬಿಟ್ಟೆ. ನಕ್ಕರು. ಆಮೇಲೆ ನಿಜ ಹೇಳಿದೆ, ಛತ್ರಿಗಳ ಸಾಲು ನೋಡಿ ನೋಡಿ ಆ ಬಾಗಿಲಿನ ಒಳಗಡೆ ಏನಾಗುತ್ತದೆ ತಿಳಿಯಬೇಕೆನಿಸಿತ್ತು ಎಂದು.

ಇಳಿದು ಬರುವಾಗ ಆ ಹಿರಿಯರು ಮೆಟ್ಟಿಲಿನ ತಿರುವಿನಲ್ಲಿ ನಿಂತಿದ್ದರು. ಕೆಲಸದ ಮಾತೇ ಎತ್ತಲಿಲ್ಲ. "ಅಮ್ಮ ಹೇಗಿದಾರೆ?" ಎಂದರು. ನೀವು ಅಕ್ಕನ ಮನೆಯಲ್ಲಿದ್ದೀರಿ, ಆರೋಗ್ಯವಾಗಿದ್ದೀರಿ, ಸಿಟ್ಟೂ ಆರೋಗ್ಯವಾಗಿದೆ ಎಂದೆ. ನಗಲು ಹೋದರು, ಆಗಲಿಲ್ಲ. ಮಾವ ಹೋದ ದಿನ ಅವರು ಬಂದಿದ್ದರಂತೆ ಅತ್ತೆ. ರಸ್ತೆಯಾಚೆ ಔಷಧಿ ಅಂಗಡಿಯ ಪಕ್ಕ ನಿಂತಿದ್ದರಂತೆ. "ಅಮ್ಮ ಬಾಗಿಲ ಹತ್ರಾನೇ ಕೂತಿದ್ರು. ನನ್ನ ನೋಡಿ ಎದ್ದು ಒಳಗೆ ಹೋಗಿಬಿಟ್ರೆ ಅಂತ ಹೆದರಿದೆ. ಯಾವ ಕೋರ್ಟಲ್ಲೂ ಹಾಗೆ ಹೆದರಿದವನಲ್ಲ. ಎಲ್ಲರೂ ಹೊರಟ ಮೇಲೆ ಹಿಂದೆ ಹಿಂದೆ ನಡೆದೆ, ದೂರದಲ್ಲಿ. ತಪ್ಪು ಮಾಡಿದೆ, ರಸ್ತೆ ದಾಟಬೇಕಿತ್ತು." ಅಷ್ಟು ದೊಡ್ಡ ಮನುಷ್ಯ ಕೈಕಟ್ಟಿ ನಿಂತು ಹೇಳುತ್ತಿದ್ದರು. ಪರವಾಗಿಲ್ಲ ಬಿಡಿ ಎಂದು ನಾನು ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ. ಆದರೆ ಮಾವನಂತೆಯೇ ಅವರೂ ಮಾತಿನ ನಡುವೆ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ.

ನಿನ್ನೆ ಆ ವಕೀಲೆಯೇ ಫೋನು ಮಾಡಿದರು. ಆಯ್ಕೆಯಾಗಿದ್ದೇನೆ. ಕೊನೆಯ ಪ್ಯಾರಾ ಇಲ್ಲದಿದ್ದಕ್ಕೆ ಅಂಕ ಕಳೆದರಂತೆ, ಆದರೂ. ನಿಮ್ಮನ್ನು ಕೇಳಿ ಹೇಳುತ್ತೇನೆ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಸೋಮವಾರ ಬರುತ್ತೇನೆ" ಎಂದು. ನಿಮ್ಮ ಮಗ ಖುಷಿಗೆ ಹಾಲು ಉಕ್ಕಿಸಿ ಒಲೆಯೆಲ್ಲ ಹಾಳು ಮಾಡಿದರು. ನನಗೆ ಖುಷಿಯೂ ಇದೆ, ನಿಮ್ಮ ಮುಖ ನೆನೆದು ಅಳುಕೂ ಇದೆ.

ದೊಡ್ಡತ್ತೆಗೆ ನನ್ನ ನಮಸ್ಕಾರ ಹೇಳಿ. ಮೊಮ್ಮಗಳು ಮುತ್ತು ಕಳಿಸಿದ್ದಾಳೆ, ಮಂಚ ಮಾತ್ರ ಕಳಿಸುವುದಿಲ್ಲವಂತೆ. ಮಾತ್ರೆ, ಮಂಡಿ, ನಿದ್ದೆ ಮೂರರ ಕಡೆಗೂ ಗಮನವಿರಲಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಸಿಟ್ಟಿನ ಜೊತೆಗಾದರೂ.

ನಿಮ್ಮ
ಸೊಸೆ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಮೆಟ್ಟಿಲ ಮೇಲೆ ಅವರು ದೊಡ್ಡತ್ತೆಯ ಮನೆಯ ವಿಳಾಸ ಕೇಳಿದರು, ನಾನು ಕೊಟ್ಟುಬಿಟ್ಟೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಬರುತ್ತಾರೆ. ಪತ್ರ ಅವರಿಗಿಂತ ಮೊದಲು ನಿಮ್ಮ ಕೈ ಸೇರಲಿ ಎಂದು ಈಗಲೇ ಕೊರಿಯರಿನವನ ಹತ್ತಿರ ಓಡುತ್ತಿದ್ದೇನೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ ಅತ್ತೆ. ಬೈಯುವುದಿದ್ದರೆ ಒಳಗೆ ಕರೆದು, ಕೂರಿಸಿ, ಸಮಾಧಾನವಾಗಿ ಬೈಯಿರಿ. ಬೈಸಿಕೊಳ್ಳಲೆಂದೇ ಬರುತ್ತಿದ್ದಾರೆ.